‘ಸರ್ವೇದವರ ಪೀಸ್’ ಎಂದು ಕೊಟ್ಟ ಜಿಪಿಎಸ್: ಜಿಯೋಕ್ಯಾಶಿಂಗ್‌ಗೆ ಯಂತ್ರ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಕಳೆದ ಮಾರ್ಚ್‌ನಲ್ಲಿ ಕಲಬುರಗಿಯ ಒಂದು ಅಂಗಡಿಯಲ್ಲಿ 9,500 ರೂಪಾಯಿ ತೆತ್ತು ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರವೊಂದನ್ನು ಕೊಂಡೆ. ಅಳತೆಯ ಟೇಪು, ಲೆವೆಲ್ ಯಂತ್ರ, ಅದರ ಮುಕ್ಕಾಲಿ ಇವುಗಳನ್ನು ಮಾರುವ ಅಂಗಡಿ ಅದು. ಜಿಯೋಕ್ಯಾಶಿಂಗ್‌ಗೆ ಬೇಕೆಂದು ನಾನು ಹೇಳಿದಾಗ ಮಾಲೀಕರಿಗೆ ಅದೇನೆಂದು ತಿಳಿಯಲಿಲ್ಲ. ಆದರೂ ಗಾಜಿನ ಕಪಾಟಿನಿಂದ ಯಂತ್ರವನ್ನು ತೆಗೆದು, “ತಗೋರಿ ಸರ, ಹೊಸಾ ಪೀಸ್ ಅದ. ಸರ್ವೇದವ್ರೆಲ್ಲಾ ಇದನ್ನೇ ಒಯ್ತಾರ” ಎಂದರು. ಸರ್ವೇದವರಿಗೆ ಆಗುವುದು ಡಬ್ಬಿ ಹುಡುಕುವ ನನಗೆ ಆಗದೇ ಎಂದು ನಾನು ನಂಬಿದೆ. ಬಿಲ್ ಕೇಳಿದ್ದಕ್ಕೆ ಜಿಎಸ್‌ಟಿ ಸೇರುತ್ತದೆ ಎಂಬ ಉತ್ತರ ಬಂತು, ನಾನೂ ಸುಮ್ಮನಾದೆ. ಮುಂದೆ ನಡೆದುದರಲ್ಲಿ ನನ್ನ ಪಾಲಿನ ತಪ್ಪು ಎಷ್ಟೆಂಬುದು ಇಲ್ಲಿಂದಲೇ ಲೆಕ್ಕಕ್ಕೆ ಬರುತ್ತದೆ.

ಈ ಆಟವನ್ನು ಅರಿಯದವರಿಗಾಗಿ ಎರಡು ಮಾತು. ಒಬ್ಬರು ಒಂದು ಡಬ್ಬಿಯನ್ನು, ಅದರೊಳಗೆ ಹೆಸರು ಬರೆಯುವ ಪುಸ್ತಕವನ್ನಿಟ್ಟು, ಎಲ್ಲಿಯಾದರೂ ಅಡಗಿಸಿ ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ತಿಳಿಸುತ್ತಾರೆ; ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಅಮೆರಿಕ ಸರ್ಕಾರವು ಜಿಪಿಎಸ್ ಉಪಗ್ರಹಗಳಿಂದ ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಮೊದಲಲ್ಲಿ ತೆಗೆದುಹಾಕಿತು. ಅದಾದ ಒಂದೆರಡು ದಿನಗಳಲ್ಲೇ, ಮೇ 3ರಂದು, ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬವರು ಮೊದಲ ಡಬ್ಬಿಯನ್ನು ಇಟ್ಟರು. ಅದಕ್ಕೆ ಮೊದಲು ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿದ್ದ ಯಂತ್ರಗಳನ್ನು ನೆಚ್ಚಿ ಯಾರೂ ಡಬ್ಬಿ ಹುಡುಕುವಂತಿರಲಿಲ್ಲ. ಆದ್ದರಿಂದ ನೂರು ಮೀಟರ್ ತಪ್ಪುವ ಯಂತ್ರವನ್ನು ಈ ಆಟಕ್ಕೆ ಕೊಳ್ಳುವುದೂ ಒಂದೇ, ಕೊಳ್ಳದಿರುವುದೂ ಒಂದೇ. ನಾನು ಕೊಂಡದ್ದು ಅದಕ್ಕಿಂತ ಹೆಚ್ಚು ತಪ್ಪುವಂಥದ್ದು.

ಮೊಬೈಲ್ ಸಾಲದೇ ಎಂದು ಕೇಳುವವರಿದ್ದಾರೆ. ಊರೊಳಗೆ ಆಡುವುದಾದರೆ ಸಾಕು, ನಿಜವಾಗಿಯೂ ಸಾಕು. ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಬಂಡೆಯ ಮೇಲೆ ನಿಂತರೆ ಮೊಬೈಲ್ ಕಾದು ಪರದೆಯನ್ನು ತಾನೇ ಮಸುಕಾಗಿಸುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗಿ ಕಾಣುವ ಪರದೆ, ಸೆಲ್ ಮುಗಿದರೆ ಜೇಬಿನಿಂದ ತೆಗೆದು ಹಾಕಬಹುದಾದ ಎರಡು ಪೆನ್ಸಿಲ್ ಸೆಲ್, ಕೈತಪ್ಪಿ ಬಿದ್ದರೂ ತಡೆಯುವ ಮೈ, ಇಷ್ಟು ನನಗೆ ಬೇಕಿತ್ತು.

ಶಹಾಪುರದಲ್ಲಿರುವ ನನ್ನ ಗೆಳೆಯರೊಬ್ಬರು ಅಲ್ಲಿನ ಗುಡ್ಡಸಾಲಿನಲ್ಲಿ, ‘ಮಲಗಿದ ಬುದ್ಧ’ನ ಆಕಾರ ಕಾಣುವ ದಿಕ್ಕಿನಲ್ಲಿ, ನಮ್ಮ ನಮ್ಮೊಳಗಿನ ಆಟಕ್ಕೆಂದು ಸ್ಟೀಲಿನ ಡಬ್ಬಿಯೊಂದನ್ನು ಅಡಗಿಸಿ ಅಂಕಿಗಳನ್ನು ಕಳಿಸಿದ್ದರು. ಡಿಗ್ರಿಗಳನ್ನು ಬಿಟ್ಟು ಹೇಳುವುದಾದರೆ ಉತ್ತರಕ್ಕೆ 41.450 ನಿಮಿಷ, ಪೂರ್ವಕ್ಕೆ 50.300 ನಿಮಿಷ. ಒಂದು ಭಾನುವಾರ ಬೆಳಿಗ್ಗೆ ನಾನೂ ಮಗಳೂ ಜೇವರ್ಗಿ ಮಾರ್ಗವಾಗಿ ಹೋಗಿ, ಗುಡ್ಡದ ಬುಡದಲ್ಲಿ ನಿಂತು ಆ ಅಂಕಿಗಳನ್ನು ಯಂತ್ರಕ್ಕೆ ತುಂಬಿದೆವು. ಎಲ್ಲ ಅಂಕಿಗಳೂ ಮನೆಗಳಲ್ಲಿ ಸರಿಯಾಗಿ ಕುಳಿತವು. ಬಾಣ ತೋರಿದತ್ತ ನಡೆದು, ಏರಿ ಇಳಿದು, ಯಂತ್ರವು ‘ಬಂದಿರಿ’ ಎಂದು ಸದ್ದು ಮಾಡಿದ ಜಾಗದಲ್ಲಿ ಎರಡು ಗಂಟೆ ಕಾಲ ಕಲ್ಲುಸಂದಿಗಳನ್ನು ಕೆದಕಿದೆವು. ಒಂದು ಹಾವಿನ ಪೊರೆ ಸಿಕ್ಕಿತು. ಡಬ್ಬಿ ಸಿಗಲಿಲ್ಲ. “ಸಿಕ್ತೇನ್ರಿ ಸರ?” ಎಂದು ಗೆಳೆಯರು ಮೂರು ಸಲ ಫೋನು ಮಾಡಿದರು, ನಾಲ್ಕನೆಯ ಸಲ ಊಟಕ್ಕೆ ಕರೆದರು.

ಊಟವಾದ ಮೇಲೆ ಅವರ ಮನೆಯ ಮಾಳಿಗೆಯ ಮೇಲೆ ಎರಡೂ ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಅವರದು ಗಾರ್ಮಿನ್ ಇಟ್ರೆಕ್ಸ್ 10, ಬಣ್ಣವಿಲ್ಲದ ಪುಟ್ಟ ಪರದೆಯ ಸಾಧಾರಣ ಮಾದರಿ. ಮೊದಲ ದೋಷ ಆಗಲೇ ಹೊರಬಿತ್ತು. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ, ನಿಮಿಷ, ನಿಮಿಷದ ಮೂರು ದಶಾಂಶ ಎಂಬ ಕ್ರಮದಲ್ಲಿ ಅಂಕಿ ಬರೆಯುವುದು ರೂಢಿ. ನನ್ನ ಯಂತ್ರವು ಡಿಗ್ರಿ, ನಿಮಿಷ, ಸೆಕೆಂಡುಗಳ ಕ್ರಮದಲ್ಲಿತ್ತು. ನಾನು 41.450 ಎಂದು ತುಂಬಿದ್ದನ್ನು ಅದು 41 ನಿಮಿಷ 45.0 ಸೆಕೆಂಡ್ ಎಂದು ತೆಗೆದುಕೊಂಡಿತ್ತು. ನಿಜಕ್ಕೂ ಅದು 41 ನಿಮಿಷ 27 ಸೆಕೆಂಡ್. ಪೂರ್ವದ ಅಂಕಿಯಲ್ಲಿ 18 ಸೆಕೆಂಡ್ ಇರಬೇಕಾದಲ್ಲಿ 30 ಸೆಕೆಂಡ್ ಆಗಿತ್ತು. ಈ ಒಂದು ತಪ್ಪಿಗೇ ಸುಮಾರು 650 ಮೀಟರ್ ಈಶಾನ್ಯಕ್ಕೆ ಸರಿದಿದ್ದೆವು. ಗೆಳೆಯರು 450ರ ಬದಲು 700 ಎಂದು ಕೊಟ್ಟಿದ್ದರೆ ‘70 ಸೆಕೆಂಡ್ ಇಲ್ಲ’ ಎಂದು ಯಂತ್ರವೇ ತಕರಾರು ತೆಗೆಯುತ್ತಿತ್ತು, ನನಗೂ ಅನುಮಾನ ಬರುತ್ತಿತ್ತು. ಅಂಕಿಗಳು ಹೊಂದಿಕೊಂಡದ್ದೇ ನಮಗೆ ಮುಳುವಾಯಿತು. ಇದು ಯಂತ್ರದ ದೋಷವಲ್ಲ, ಸೆಟ್ಟಿಂಗ್ ನೋಡದ ನನ್ನದು.

ಕ್ರಮವನ್ನು ಬದಲಿಸಿದ ಮೇಲೂ ಎರಡು ಯಂತ್ರಗಳ ಅಂಕಿ ಹೊಂದಲಿಲ್ಲ. ಒಂದೇ ಚಾಪೆಯ ಮೇಲೆ ಕುಳಿತ ಎರಡು ಯಂತ್ರಗಳ ನಡುವೆ ಮೂರನೆಯ ದಶಾಂಶದಲ್ಲಿ ಅಷ್ಟಿಷ್ಟು ವ್ಯತ್ಯಾಸ ಬರುವುದು ಸಹಜ. ಅಕ್ಷಾಂಶದಲ್ಲಿ ನಿಮಿಷದ ಸಾವಿರದ ಒಂದು ಪಾಲು ಎಂದರೆ ಎರಡು ಮೀಟರಿಗೂ ಕಡಿಮೆ. ಇಲ್ಲಿ ಎರಡನೆಯ ದಶಾಂಶವೇ ಆರರಷ್ಟು ಬೇರೆಯಾಗಿತ್ತು. ಅರ್ಧ ಗಂಟೆ ಮೆನುಗಳಲ್ಲಿ ಅಲೆದಾಡಿದ ಮೇಲೆ ‘ಡೇಟಮ್’ (ಅಕ್ಷಾಂಶ ರೇಖಾಂಶಗಳ ಲೆಕ್ಕಕ್ಕೆ ಇಟ್ಟುಕೊಂಡ ಆಧಾರ) ಎಂಬ ಸಾಲಿನಲ್ಲಿ ಡಬ್ಲ್ಯೂಜಿಎಸ್ 84 ಎಂದಿರಬೇಕಾದಲ್ಲಿ ‘ಇಂಡಿಯನ್’ ಎಂದಿರುವುದು ಕಣ್ಣಿಗೆ ಬಿತ್ತು. ಸರ್ವೇ ಆಫ್ ಇಂಡಿಯಾದ ಹಳೆಯ ಟೋಪೋ ಹಾಳೆಗಳು (ನೆಲದ ಏರಿಳಿತ ತೋರುವ ನಕ್ಷೆಗಳು) ಎವರೆಸ್ಟ್ ಗೋಲಾಭವನ್ನು, ಅಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಲೆಕ್ಕಹಾಕಿದ ಭೂಮಿಯ ಆಕಾರವನ್ನು, ಆಧಾರವಾಗಿ ಇಟ್ಟುಕೊಂಡಿವೆ. ಉಪಗ್ರಹಗಳ ಲೆಕ್ಕಕ್ಕೆ ಆಧಾರ ಡಬ್ಲ್ಯೂಜಿಎಸ್ 84. ಎರಡರಲ್ಲೂ ಒಂದೇ ಅಂಕಿ ಬರೆದರೆ ನಮ್ಮ ಭಾಗದ ನೆಲದ ಮೇಲೆ ಆ ಎರಡು ಬಿಂದುಗಳ ನಡುವೆ ನೂರೈವತ್ತು ಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ. ಟೋಪೋ ಹಾಳೆ ಹಿಡಿದು ಕೆಲಸ ಮಾಡುವವರಿಗೆ ಆ ಸೆಟ್ಟಿಂಗ್ ಬೇಕು. ಹೊಚ್ಚಹೊಸ ಯಂತ್ರದಲ್ಲಿ ಅದನ್ನು ಯಾರು ಹಾಕಿದರು?

ಉತ್ತರ ಯಂತ್ರದೊಳಗೇ ಇತ್ತು. ಉಳಿಸಿದ ಬಿಂದುಗಳ ಪಟ್ಟಿಯ ಕೊನೆಯಲ್ಲಿ ಬೋರ್ 1, ಬೋರ್ 2, ಕ್ವಾರಿ ಗೇಟ್ ಎಂಬ ಹೆಸರುಗಳಿದ್ದವು, ಜಾಗ ಶಹಾಬಾದ್ ಕಡೆಯದು. ಯಾವುದೋ ಕಲ್ಲುಗಣಿಯಲ್ಲಿ ವರ್ಷಗಟ್ಟಲೆ ದುಡಿದು ಬಂದದ್ದನ್ನು ಒರೆಸಿ, ಹೊಸ ಚೀಲದಲ್ಲಿಟ್ಟು ನನಗೆ ಕೊಟ್ಟಿದ್ದರು. ಸರ್ವೇದವರು ಒಯ್ಯುತ್ತಾರೆ ಎಂದದ್ದು ಸುಳ್ಳಲ್ಲ. ಒಯ್ದು ಮರಳಿಸಿದ್ದನ್ನು ಹೇಳಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಡೇಟಮ್ ಸರಿಪಡಿಸಿಕೊಂಡು ಗೆಳೆಯರನ್ನೂ ಕರೆದುಕೊಂಡು ಮತ್ತೆ ಹೋದೆವು. ಬಯಲಿನಲ್ಲಿ ಎರಡೂ ಯಂತ್ರಗಳು ಒಟ್ಟಾಗಿ ನಡೆದವು, ಗುಂಡುಕಲ್ಲುಗಳ ನಡುವೆ ಹೊಕ್ಕ ಕೂಡಲೇ ನನ್ನದು ಹಿಂದೆ ಬಿತ್ತು. ಎತ್ತರವೂ ಸೇರಿದಂತೆ ಸ್ಥಾನ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ನನ್ನ ಹಳೆಯ ಮಾದರಿ ಅಮೆರಿಕದ ಜಿಪಿಎಸ್ ಉಪಗ್ರಹಗಳನ್ನು ಮಾತ್ರ ಹಿಡಿಯುತ್ತದೆ, ದುರ್ಬಲ ಸಂಕೇತವನ್ನು ಕೈಬಿಡುತ್ತದೆ. ಗೆಳೆಯರದು ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಹಿಡಿಯುವುದರಿಂದ ಬಂಡೆಗಳ ಸಂದಿಯಲ್ಲಿ ಕಾಣುವ ಚೂರು ಆಕಾಶದಲ್ಲೂ ಅದಕ್ಕೆ ಲೆಕ್ಕಕ್ಕೆ ಸಾಲುವಷ್ಟು ಸಿಗುತ್ತಿದ್ದವು. (ಬೀದರ್‌ನ ನೌಬಾದ್‌ನಲ್ಲಿರುವ ಕರೇಜ್‌ನಂಥ ಸುರಂಗದೊಳಗೆ ಯಾವ ಯಂತ್ರವೂ ನಡೆಯದು, ಆ ದೂರನ್ನು ಅಂಗಡಿಯವರ ಮೇಲೆ ಹೊರಿಸಬಾರದು.) ಕೊನೆಯ ಹತ್ತು ಮೀಟರಿನಲ್ಲಿ ನನ್ನ ಬಾಣ ಗಾಳಿಗೆ ಸಿಕ್ಕ ಗಿರಗಿಟ್ಟಲೆಯಂತೆ ತಿರುಗಿತು. ಒಳಗೆ ದಿಕ್ಸೂಚಿ ಇಲ್ಲದ ಯಂತ್ರಕ್ಕೆ ನಾವು ನಡೆಯುತ್ತಿದ್ದರೆ ಮಾತ್ರ ದಿಕ್ಕು ತಿಳಿಯುತ್ತದೆ, ನಿಂತರೆ ತಿಳಿಯದು. ಇಟ್ರೆಕ್ಸ್ 10ರಲ್ಲೂ ದಿಕ್ಸೂಚಿ ಇಲ್ಲ. ಆದರೆ ಗೆಳೆಯರಿಗೆ ಅದು ಗೊತ್ತಿದ್ದು, ಇಪ್ಪತ್ತು ಹೆಜ್ಜೆ ಹಿಂದೆ ಸರಿದು ಮತ್ತೆ ನಡೆದು ಬರುತ್ತಿದ್ದರು. ಅವರ ಯಂತ್ರವೇ ಡಬ್ಬಿ ತೋರಿಸಿತು. ಪುಸ್ತಕದಲ್ಲಿ ಮಗಳು ತನ್ನ ಹೆಸರು ಮಾತ್ರ ಬರೆದಳು.

ಉಳಿದ ಸಂಗತಿಗಳು ಮನೆಗೆ ಬಂದ ಮೇಲೆ ಒಂದೊಂದಾಗಿ ತಿಳಿದವು. ಪರದೆಯ ಮೇಲಿನ ತಾರೀಖು ಇಪ್ಪತ್ತು ವರ್ಷಕ್ಕೆ ತುಸು ಕಡಿಮೆ ಹಿಂದಿನದಾಗಿತ್ತು. ಜಿಪಿಎಸ್ ಸಂಕೇತವು ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹೀಗೆ ಸೊನ್ನೆಗೆ ಮರಳಿದ ಮೇಲೆ, ತಂತ್ರಾಂಶ ನವೀಕರಣವಾಗದ ಎಷ್ಟೋ ಹಳೆಯ ಯಂತ್ರಗಳು ತಾರೀಖನ್ನು ತಪ್ಪಾಗಿ ತೋರಿಸುತ್ತಿವೆ. ಅಂಗಡಿಯಲ್ಲಿ ನಾನು ಆ ತಾರೀಖೊಂದನ್ನು ನೋಡಿದ್ದರೂ ಯಂತ್ರದ ವಯಸ್ಸು ಗೊತ್ತಾಗುತ್ತಿತ್ತು. ಸೆಲ್ ಹಾಕುವ ಮನೆಯ ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು ಇತ್ತು. ಕಂಪ್ಯೂಟರಿಗೆ ಜೋಡಿಸುವ ಕೇಬಲ್ಲು ಒಂಬತ್ತು ಪಿನ್ನಿನ ಹಳೆಯ ಬಗೆಯದು, ನಮ್ಮ ಮನೆಯ ಯಾವ ಲ್ಯಾಪ್‌ಟಾಪ್‌ಗೂ ಆ ಕಿಂಡಿ ಇಲ್ಲ. ಅಂದರೆ ಡಬ್ಬಿಗಳ ಮಾಹಿತಿಯನ್ನು ಜಿಪಿಎಕ್ಸ್ ಕಡತವಾಗಿ ಇಳಿಸಿಕೊಳ್ಳುವಂತಿಲ್ಲ. ಪ್ರತಿಯೊಂದು ಅಂಕಿಯನ್ನೂ ಕೈಯಿಂದಲೇ ತುಂಬಬೇಕು, ಅದರ ಫಲವನ್ನು ಮೇಲೆ ಹೇಳಿದ್ದೇನೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿದ್ದ ‘ವಾಸ್’ ಎಂಬ ಸೌಲಭ್ಯ ಉತ್ತರ ಅಮೆರಿಕಕ್ಕಾಗಿ ಇರುವ ನಿಖರತೆಯ ವ್ಯವಸ್ಥೆ. ನಮ್ಮಲ್ಲಿ ಆ ಕೆಲಸ ಮಾಡುವುದು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’.

ಆದ್ದರಿಂದ ಕೊಳ್ಳುವವರು ಯಂತ್ರವನ್ನು ಅಂಗಡಿಯ ಚಾವಣಿಯ ಕೆಳಗೆ ನೋಡಿ ಹಣ ಕೊಡಬೇಡಿ. ನಿಮ್ಮದೇ ಎರಡು ಸೆಲ್ ಒಯ್ಯಿರಿ. ಹೊರಗೆ ತೆರೆದ ಆಕಾಶದ ಕೆಳಗೆ ಹದಿನೈದು ನಿಮಿಷ ಇಡಿರಿ, ಏಕೆಂದರೆ ಬಹುಕಾಲ ಆರಿಸಿಟ್ಟ ಯಂತ್ರಕ್ಕೆ ಎಲ್ಲ ಉಪಗ್ರಹಗಳ ಪಂಚಾಂಗವನ್ನು, ಅಂದರೆ ಯಾವುದು ಯಾವಾಗ ಎಲ್ಲಿರುತ್ತದೆ ಎಂಬ ಪಟ್ಟಿಯನ್ನು, ಪೂರ್ತಿಯಾಗಿ ಪಡೆಯಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಬಳಿಕ ನಿಂತ ಜಾಗವನ್ನು ಉಳಿಸಿ, ಬೀದಿಯ ತುದಿಯವರೆಗೆ ನಡೆದುಹೋಗಿ, ಅದು ನಿಮ್ಮನ್ನು ಅಲ್ಲಿಗೇ ಮರಳಿ ತರುತ್ತದೆಯೇ ಎಂದು ನೋಡಿರಿ. ಐದಾರು ಮೀಟರ್ ಹೆಚ್ಚುಕಡಿಮೆಯನ್ನು ಕ್ಷಮಿಸಬಹುದು. ಆದರೆ ಈ ಪರೀಕ್ಷೆಯೊಂದೇ ಸಾಲದು. ಡೇಟಮ್ ತಪ್ಪಿದ್ದರೂ ಯಂತ್ರ ತಾನು ಉಳಿಸಿದ ಜಾಗಕ್ಕೆ ಸರಿಯಾಗಿಯೇ ಮರಳುತ್ತದೆ, ನನ್ನದೂ ಮರಳುತ್ತಿತ್ತು. ಹಾಗಾಗಿ ಪಕ್ಕದಲ್ಲಿ ಮೊಬೈಲ್ ಹಿಡಿದು ಎರಡರ ಅಂಕಿಯನ್ನೂ ಒಂದೇ ಕ್ರಮದಲ್ಲಿ ಹೋಲಿಸಲೇಬೇಕು. ಬೀದರ್‌ನವರು ಇದನ್ನು ವಾಯುನೆಲೆಯ ಆಸುಪಾಸಿನಲ್ಲಿ ಮಾಡದಿರುವುದು ಒಳ್ಳೆಯದು. ಕೈಯಲ್ಲಿ ಆಂಟೆನಾ ಇರುವ ಯಂತ್ರ ಹಿಡಿದು ಹಿಂದೆ ಮುಂದೆ ನಡೆಯುವವರನ್ನು ಯಾರಾದರೂ ವಿಚಾರಿಸುತ್ತಾರೆ.

ವಿದೇಶದಲ್ಲಿರುವ ಬಂಧುಗಳಿಂದ ತರಿಸುವವರಿಗೆ ಇನ್ನೊಂದು ಮಾತು, ಇದು ಹಣಕ್ಕಿಂತ ದೊಡ್ಡದು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸೌಲಭ್ಯವುಳ್ಳ ಜಿಪಿಎಸ್ ಮಾದರಿಗಳು ಅಲ್ಲಿ ಸಲೀಸಾಗಿ ಸಿಗುತ್ತವೆ. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಅಂಥದನ್ನು ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ. ಸಂಕೇತವನ್ನು ಪಡೆಯುವ ಯಂತ್ರ ಮಾತ್ರ ಸಾಕು, ಕಳಿಸುವಂಥದ್ದು ಬೇಡ ಎಂದು ಬಿಡಿಸಿ ಹೇಳಿರಿ.

ಅಂಗಡಿಗೆ ಮರಳಿ ಹೋದಾಗ ಮಾಲೀಕರು ಮೊದಲು, “ನಿಮಗ ನಡಸಾಕ ಬರಲ್ಲರಿ ಸರ” ಎಂದರು. ಬೋರ್ 1, ಬೋರ್ 2 ತೋರಿಸಿದ ಮೇಲೆ ದನಿ ಇಳಿಯಿತು. ಬಿಲ್ ಇಲ್ಲದ ಕಾರಣ ಹೆಚ್ಚು ಮಾತಾಡಲು ನನಗೆ ಬಾಯಿರಲಿಲ್ಲ. 6,000 ರೂಪಾಯಿ ಎಣಿಸಿಕೊಂಡು ಯಂತ್ರವನ್ನು ಬಿಟ್ಟುಬಂದೆ. ಎರಡು ವಾರದ ಬಳಿಕ ಅದೇ ಬೀದಿಯಲ್ಲಿ ಹೋಗುವಾಗ ನೋಡಿದರೆ, ಎಡ ಅಂಚಿನಲ್ಲಿ ಉದ್ದನೆಯ ಗೀರಿರುವ ಅದೇ ಯಂತ್ರ ಅದೇ ಗಾಜಿನ ಕಪಾಟಿನಲ್ಲಿ ಕುಳಿತಿತ್ತು. ನನಗೆ ಹಣ ಮರಳಿಸುವ ಮುನ್ನ ಗಣಿಯ ಬಿಂದುಗಳನ್ನು ಅವರು ನನ್ನೆದುರಿಗೇ ಅಳಿಸಿದ್ದರು. ಆದರೆ ಅವರು ಒಳಗೆ ಹಣ ತರಲು ಹೋದಾಗ ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಸದೊಂದು ಬಿಂದುವನ್ನು ಉಳಿಸಿಟ್ಟೆ. ಕಲಬುರಗಿಯಲ್ಲಿ ಯಾರಿಗಾದರೂ ‘ಹೊಸಾ ಪೀಸ್’ ತೋರಿಸಿದರೆ, ಬಿಂದುಗಳ ಪಟ್ಟಿಯನ್ನು ತೆರೆದು ‘ಹಳೇದು’ ಎಂಬ ಹೆಸರು ಅದರಲ್ಲಿದೆಯೇ ಎಂದು ಒಮ್ಮೆ ನೋಡಿರಿ.