ತುಮಕೂರಿನಿಂದ ನೇತ್ರಾಣಿಗೆ ಡೈವಿಂಗ್ ಪ್ರವಾಸ: ಈಜುಕೊಳದ ಪಾಠ ಉತ್ತಮ, ಲಂಗರು ಹಾಕಿದ ರೀತಿ ತಪ್ಪು

ಕಳೆದ ಜನವರಿಯಲ್ಲಿ ನಾನು, ನನ್ನ ತಮ್ಮ ಮತ್ತು ಪದವಿ ಓದುತ್ತಿರುವ ಅವನ ಮಗಳು ತುಮಕೂರಿನ ಪ್ರವಾಸ ಸಂಸ್ಥೆಯೊಂದರ ಮೂಲಕ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗಿಬಂದೆವು. ಊಟ, ವಸತಿಗಳ ಬಗ್ಗೆ ದೂರೇನೂ ಇಲ್ಲ. ನಮ್ಮ ಬಿ.ಎಚ್. ರಸ್ತೆಯನ್ನೇ ಹಿಡಿದು ಶಿವಮೊಗ್ಗ, ಸಾಗರ ದಾಟಿ, ಹೊನ್ನಾವರಕ್ಕಿಳಿದು, ಬೆಳಗಾಗುವಷ್ಟರಲ್ಲಿ ಮುರ್ಡೇಶ್ವರ ತಲುಪಿಸಿದರು. ನಾನು ಬರೆಯಬೇಕೆಂದಿರುವುದು ಬೇರೆ ವಿಷಯ: ಸಮುದ್ರದ ಒಡನಾಟವೇ ಇಲ್ಲದ ನಮ್ಮಂಥ ಬಯಲುಸೀಮೆಯವರನ್ನು ಹವಳದ ದಿಬ್ಬದ ಬಳಿ ನೀರಿಗಿಳಿಸುವಾಗ, ಆ ದಿಬ್ಬಕ್ಕೆ ಪೆಟ್ಟಾಗದಂತೆ ಇವರು ಎಷ್ಟು ಎಚ್ಚರ ವಹಿಸುತ್ತಾರೆ?

ಈ ಸಂಸ್ಥೆಯನ್ನು ನಾನು ಮೆಚ್ಚಲು ಮುಖ್ಯ ಕಾರಣ, ಹೊರಡುವ ಹಿಂದಿನ ಭಾನುವಾರ ತುಮಕೂರಿನ ಈಜುಕೊಳವೊಂದರಲ್ಲಿ ಅವರು ನಡೆಸಿದ ಎರಡು ಗಂಟೆಯ ತರಬೇತಿ. ಬಾಯಿಯಿಂದ ಉಸಿರಾಡುವುದು, ಮಾಸ್ಕ್‌ಗೆ ನುಗ್ಗಿದ ನೀರನ್ನು ಮೂಗಿನ ಉಸಿರಿನಿಂದ ಹೊರಹಾಕುವುದು, ಕಿವಿಯ ಒತ್ತಡ ಸರಿಪಡಿಸಿಕೊಳ್ಳುವುದು ಇವೆಲ್ಲ ಆದ ಮೇಲೆ, ತರಬೇತುದಾರರು ಕೊಳದ ತಳದಲ್ಲಿ ಸ್ಟೀಲ್ ಲೋಟಗಳನ್ನು ಸಾಲಾಗಿ ನಿಲ್ಲಿಸಿ, ಕಾಲಿಗೆ ತೊಟ್ಟ ಫಿನ್ (ಈಜಲು ನೆರವಾಗುವ ಅಗಲವಾದ ಪಟ್ಟಿ) ತಗುಲದಂತೆ ಅವುಗಳ ಮೇಲೆ ಹಾದುಹೋಗಲು ಹೇಳಿದರು. ಮೊದಲ ಸಲ ನಮ್ಮ ಮೂವರಿಂದಲೂ ಲೋಟಗಳು ಉರುಳಿದವು. ಕೊನೆಯ ಹೊತ್ತಿಗೆ ತಮ್ಮನ ಮಗಳು ಒಂದನ್ನೂ ಅಲುಗಿಸದೆ ದಾಟಿದಳು. ತಳ ಮುಟ್ಟದೆ, ಮೇಲಕ್ಕೂ ಏಳದೆ ನಡುನೀರಿನಲ್ಲಿ ನಿಲ್ಲುವ ಈ ಹತೋಟಿ ಇಲ್ಲದವರು ಸಮುದ್ರದಲ್ಲಿ ಗಾಬರಿಯಾದಾಗ ಮೊದಲು ಮಾಡುವುದು ಕೈಗೆ ಸಿಕ್ಕಿದ್ದನ್ನು ಹಿಡಿಯುವುದು, ಇಲ್ಲವೇ ಕಾಲೂರಿ ನಿಲ್ಲುವುದು. ಕಾಲಡಿಗೆ ಸಿಗುವುದು ಕಲ್ಲಿನಂತೆ ಕಂಡರೂ ಜೀವವಿರುವ ಹವಳ. ಗುಂಡುಗುಂಡಾಗಿ ಬೆಳೆಯುವ ಜಾತಿಯ ಹವಳಗಳು ವರ್ಷಕ್ಕೆ ಹೆಚ್ಚೆಂದರೆ 2 ಸೆಂಟಿಮೀಟರ್‌ನಷ್ಟು ಬೆಳೆಯುತ್ತವೆ. ಆದ್ದರಿಂದ ಒಂದು ಒದೆತಕ್ಕೆ ಮುರಿದು ಬಿದ್ದದ್ದು ಮತ್ತೆ ಆ ಗಾತ್ರಕ್ಕೆ ಬರಲು ಎಷ್ಟೋ ವರ್ಷಗಳು ಬೇಕು. ಫಿನ್ ಎಬ್ಬಿಸುವ ಮರಳು ಕೂಡ ಹವಳದ ಮೇಲೆ ಕುಳಿತು ಅದಕ್ಕೆ ಬೇಕಾದ ಬೆಳಕನ್ನು ತಡೆಯುತ್ತದೆ. ಕಲಿಯುವವರ ತಪ್ಪುಗಳೆಲ್ಲ ಈಜುಕೊಳದ ಲೋಟಗಳ ಮೇಲೆಯೇ ಮುಗಿಯಲಿ ಎಂಬ ಈ ಕ್ರಮ ನನಗೆ ಬಹಳ ಹಿಡಿಸಿತು.

ಸನ್‌ಸ್ಕ್ರೀನ್ ಬಗ್ಗೆ ಮಾತ್ರ ಯಾರೂ ಒಂದು ಮಾತೂ ಹೇಳಲಿಲ್ಲ. ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ ರಾಜ್ಯ ಹವಳಗಳ ರಕ್ಷಣೆಗಾಗಿಯೇ 2021ರ ಜನವರಿಯಿಂದ ನಿಷೇಧಿಸಿದೆ. ತಮ್ಮನ ಮಗಳು ಇದನ್ನು ಮೊದಲೇ ತಿಳಿದುಕೊಂಡು, ಎಂ.ಜಿ. ರಸ್ತೆಯ ಔಷಧಿ ಅಂಗಡಿಗಳಲ್ಲಿ ಡಬ್ಬಿಗಳ ಹಿಂಬದಿ ಓದಿ, ಜಿಂಕ್ ಆಕ್ಸೈಡ್ ಇರುವುದನ್ನು ಹುಡುಕಿ ತಂದಿದ್ದಳು. ದೋಣಿಯಲ್ಲಿ ಉಳಿದವರು ಕೈಗೆ ಸಿಕ್ಕ ಕ್ರೀಮನ್ನು ಧಾರಾಳವಾಗಿ ಹಚ್ಚಿಕೊಂಡು ನೀರಿಗಿಳಿದರು. ತುಂಬುತೋಳಿನ ಈಜುಡುಪು ತನ್ನಿರೆಂದು ತುಮಕೂರಿನಲ್ಲೇ ಹೇಳಿದ್ದರೆ ಆ ಕ್ರೀಮಿನ ಬಹುಪಾಲು ಬೇಕಾಗುತ್ತಲೇ ಇರಲಿಲ್ಲ.

ನೇತ್ರಾಣಿ ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ನಮ್ಮಂತೆ ಪ್ರಮಾಣಪತ್ರವಿಲ್ಲದವರನ್ನು 12 ಮೀಟರ್‌ಗಿಂತ ಆಳಕ್ಕೆ ಕರೆದೊಯ್ಯಬಾರದೆಂಬ ನಿಯಮವನ್ನು ಅಲ್ಲಿ ಪಾಲಿಸಿದರು. ಒಬ್ಬೊಬ್ಬರಿಗೂ ಒಬ್ಬ ತರಬೇತುದಾರರಿದ್ದು, ಬೆನ್ನಿನ ಸಿಲಿಂಡರನ್ನು ಹಿಡಿದೇ ಇದ್ದರು. ಗಿಳಿಮೀನುಗಳು ದಿಬ್ಬದ ಮೇಲಿನ ಪಾಚಿಯನ್ನು ಕೆರೆದು ತಿನ್ನುವುದನ್ನು ಕೈಯಳತೆಯಲ್ಲಿ ನೋಡಿದೆ. ಆ ಅರ್ಧ ಗಂಟೆಯನ್ನು ನಾನು ಮರೆಯಲಾರೆ.

ಮನಸ್ಸಿಗೆ ನೋವಾದದ್ದು ಎರಡು ಸಂಗತಿಗಳಿಂದ. ವಿಡಿಯೊ ತೆಗೆಯುವ ಹುಡುಗ ತಳದಿಂದ ಕಡಲ ಸೌತೆ ಎಂಬ ಮೆತ್ತನೆಯ ಪ್ರಾಣಿಯೊಂದನ್ನು ಎತ್ತಿ, ಫೋಟೊಗಾಗಿ ನನ್ನ ಅಂಗೈ ಮೇಲೆ ಇಡಲು ಬಂದ. ನಾನು ಕೈ ಹಿಂದಕ್ಕೆ ಎಳೆದುಕೊಂಡು ಬೇಡವೆಂದು ಸನ್ನೆ ಮಾಡಿದ ಮೇಲೆ ಅದನ್ನು ತಳಕ್ಕೆ ಬಿಟ್ಟ. ಮರಳನ್ನು ನುಂಗಿ, ಅದರಲ್ಲಿರುವ ಕೊಳೆತ ಅಂಶವನ್ನು ಜೀರ್ಣಿಸಿಕೊಂಡು, ಶುದ್ಧ ಮರಳನ್ನು ಹೊರಬಿಡುವ ಈ ಬಡಪ್ರಾಣಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಾದ ಒಂದನೆಯ ಅನುಸೂಚಿಗೆ 2001ರಲ್ಲಿಯೇ ಸೇರಿಸಲಾಗಿದೆ. ದಿಬ್ಬ ಕಟ್ಟುವ ಹವಳಗಳೂ ಅದೇ ವರ್ಷ ಆ ಪಟ್ಟಿ ಸೇರಿದವು. ಹಣ ಪಡೆದು ಸಮುದ್ರ ತೋರಿಸುವವರಿಗೆ ಇಷ್ಟು ತಿಳಿದಿರಲೇಬೇಕು.

ಎರಡನೆಯದು ಲಂಗರು. ಎರಡನೇ ತಂಡವನ್ನು ಇಳಿಸಲು ದೋಣಿ ಜಾಗ ಬದಲಿಸಿದಾಗ, ಬಂಡೆ ಮತ್ತು ಹವಳ ಇರುವ ಕಡೆಯೇ ಲಂಗರು ಬಿಟ್ಟರು. ಕೇಳಿದ್ದಕ್ಕೆ, ‘ಮರಳಿನ ತಳ ದೂರ ಮೇಡಂ, ಅಲ್ಲಿಂದ ಹೊಸಬರು ಈಜಿ ಬರಲಾರರು’ ಎಂದು ದೋಣಿ ನಡೆಸುವ ತಾಂಡೇಲರು ಹೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಗಾಳಿಗೆ ದೋಣಿ ತಿರುಗಿದಂತೆಲ್ಲ ಲಂಗರಿನ ಸರಪಳಿ ತಳವನ್ನು ಉಜ್ಜುತ್ತಾ ಸಾಗುತ್ತದೆ. ಹತ್ತು ಜನ ಜಾಗರೂಕತೆಯಿಂದ ಈಜಿ ಉಳಿಸಿದ್ದನ್ನು ಅದೊಂದೇ ಹಾಳುಮಾಡಬಲ್ಲದು. ತಳದಲ್ಲಿ ಕಾಯಂ ಆಗಿ ಭದ್ರಪಡಿಸಿದ ತೇಲುಬುರುಡೆಗೆ ದೋಣಿ ಕಟ್ಟುವುದು, ಅದಿಲ್ಲದಿದ್ದರೆ ಲಂಗರು ಹಾಕದೆ ಜನರನ್ನು ಇಳಿಸಿ ದೋಣಿಯನ್ನು ದೂರ ನಿಲ್ಲಿಸಿಕೊಳ್ಳುವುದು ಬೇರೆಡೆ ರೂಢಿಯಲ್ಲಿರುವ ಕ್ರಮಗಳೇ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಆ ಮೂರೂ ತುಮಕೂರಿನ ತರಬೇತಿ ಮತ್ತು ನೀರೊಳಗಿನ ತರಬೇತುದಾರರಿಗೆ ಸಲ್ಲಬೇಕು. ಪ್ರಾಣಿಗಳನ್ನು ಮುಟ್ಟಬಾರದೆಂಬ ಷರತ್ತನ್ನು ವಿಡಿಯೊದವರಿಗೂ, ಹವಳದ ಮೇಲೆ ಲಂಗರು ಬಿಡಬಾರದೆಂಬ ಷರತ್ತನ್ನು ದೋಣಿಯವರಿಗೂ ಬರಹದಲ್ಲೇ ವಿಧಿಸಬೇಕೆಂದು ಕೋರಿ ಸಂಸ್ಥೆಯ ತುಮಕೂರು ಕಚೇರಿಗೆ ಪತ್ರ ಕೊಟ್ಟಿದ್ದೇನೆ. ಉತ್ತರ ಬಂದರೆ ಈ ವಿಮರ್ಶೆಗೆ ಸೇರಿಸುತ್ತೇನೆ.