ಕಪ್ಪು-ಬಿಳುಪು ಮತ್ತು ಇನ್‌ಫ್ರಾರೆಡ್ ಚಿತ್ರಗಳಿಗೆ ಅಭಿಪ್ರಾಯ ಹೇಳುವ ಬಗೆ: ಮೂರು ವಿಧಾನಗಳ ಹೋಲಿಕೆ

ನಮ್ಮ ಛಾಯಾಗ್ರಾಹಕ ಗೆಳೆಯರ ಬಳಗದಲ್ಲಿ ಕಿರಿಯರು ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿ ಅಭಿಪ್ರಾಯ ಹೇಳುವ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಅದಕ್ಕಾಗಿ ನಾನು ಮೂರು ವಿಧಾನಗಳನ್ನು ಅನುಸರಿಸಿ ನೋಡಿದ್ದೇನೆ: ಸ್ಪರ್ಧೆಗಳಲ್ಲಿರುವಂತೆ ಅಂಕ ಕೊಡುವುದು, ಮೊಬೈಲಿಗೆ ಬಂದ ಚಿತ್ರವನ್ನು ನೋಡಿ ಅಭಿಪ್ರಾಯ ಬರೆದು ಕಳುಹಿಸುವುದು, ಮತ್ತು ಚಿತ್ರ ತೆಗೆದವರ ಜೊತೆಯಲ್ಲಿಯೇ ಕುಳಿತು ಪ್ರಿಂಟನ್ನೋ ಮೂಲ ಫೈಲನ್ನೋ ನೋಡುತ್ತ ಮಾತನಾಡುವುದು.

ಅಂಕ ಕೊಡುವ ಪದ್ಧತಿಯನ್ನು ನಾನು ಬೇಗನೆ ಕೈಬಿಟ್ಟೆ. ಹತ್ತಕ್ಕೆ ಆರು ಅಂಕ ಪಡೆದವರಿಗೆ ಉಳಿದ ನಾಲ್ಕು ಯಾವ ಕಾರಣಕ್ಕೆ ಹೋದವೆಂಬುದು ತಿಳಿಯುವುದಿಲ್ಲ. ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕಿನಲ್ಲಿ ತೆಗೆದ ಇನ್‌ಫ್ರಾರೆಡ್ ಚಿತ್ರವಾದರಂತೂ ಬೆಳ್ಳಗೆ ಹೊಳೆಯುವ ಎಲೆಗಳನ್ನು ಕಂಡು ಒಬ್ಬರು ಹೊಸತನವೆಂದು ಹೆಚ್ಚು ಕೊಟ್ಟರೆ ಇನ್ನೊಬ್ಬರು ಕೃತಕವೆಂದು ಕಡಿಮೆ ಕೊಡುತ್ತಾರೆ.

ಬರೆದು ಕಳುಹಿಸುವ ವಿಧಾನದಲ್ಲಿ ಯೋಚಿಸಿ ಪದಗಳನ್ನು ಆರಿಸಿಕೊಳ್ಳಲು ಸಮಯ ಸಿಗುತ್ತದೆ, ಓದುವವರೂ ಅದನ್ನು ಮತ್ತೆ ಮತ್ತೆ ನೋಡಬಹುದು. ಆದರೆ ಇದೇ ವಿಧಾನದಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. ಒಬ್ಬ ಯುವತಿ ಮೇಲುಕೋಟೆಯ ಕಲ್ಯಾಣಿಯನ್ನು ಇನ್‌ಫ್ರಾರೆಡ್ ಬೆಳಕನ್ನು ಒಳಬಿಟ್ಟು ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ತಡೆಯುವ 720 ನ್ಯಾನೋಮೀಟರ್ ಫಿಲ್ಟರ್ ಹಾಕಿ ತೆಗೆದ ಚಿತ್ರವನ್ನು ಕಳುಹಿಸಿದ್ದರು. ನೀರು ಕಪ್ಪಾಗಿತ್ತು, ಮರಗಳು ಬೆಳ್ಳಗಿದ್ದವು, ನೀರಿನ ನಡುವೆ ಮಾತ್ರ ತೆಳುವಾದ ಬಿಳಿ ಹರಡಿಕೊಂಡಿತ್ತು. ಅದನ್ನು ಮಂಜೆಂದು ಭಾವಿಸಿ ಮೆಚ್ಚಿ ಬರೆದೆ. ಮುಂದೆ ಅವರು ಲ್ಯಾಪ್‌ಟಾಪಿನಲ್ಲಿ ಮೂಲ ಫೈಲ್ ತೆರೆದಾಗ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್/16ರಷ್ಟು ಕಿರಿದು ಎಂದಿತ್ತು, ಆ ಬಿಳುಪು ಚೌಕಟ್ಟಿನ ನಟ್ಟನಡುವೆ ದುಂಡಗೆ ಕುಳಿತಿತ್ತು. ಅದು ಮಂಜಲ್ಲ, ಲೆನ್ಸಿನ ಒಳಗೆ ಇನ್‌ಫ್ರಾರೆಡ್ ಬೆಳಕು ಪ್ರತಿಫಲಿಸುವುದರಿಂದ ಮೂಡುವ ಹಾಟ್‌ಸ್ಪಾಟ್. ಅಪರ್ಚರ್ ಕಿರಿದಾದಷ್ಟೂ ಅದು ಎದ್ದು ಕಾಣುತ್ತದೆ. ಅಂಗೈಯಗಲದ ಚಿತ್ರವನ್ನು ನೋಡಿ ನಾನು ದೋಷವನ್ನು ಗುಣವೆಂದು ಹೇಳಿಬಿಟ್ಟಿದ್ದೆ.

ಇನ್‌ಫ್ರಾರೆಡ್ ಚಿತ್ರವನ್ನು ಸಾಮಾನ್ಯ ಕಪ್ಪು-ಬಿಳುಪಿನ ಅಳತೆಗೋಲಿನಿಂದ ಅಳೆಯುವುದೇ ಇಂತಹ ತಪ್ಪುಗಳಿಗೆ ಮೂಲ. ಪತ್ರಹರಿತ್ತು ಈ ಬೆಳಕನ್ನು ಹೀರದೆ ಒಳಗೆ ಬಿಡುತ್ತದೆ, ಎಲೆಯೊಳಗಿನ ಕೋಶಗಳೂ ಅವುಗಳ ನಡುವಿನ ಗಾಳಿಯೂ ಸೇರಿ ಅದನ್ನು ಹಿಂದಕ್ಕೆ ಚೆಲ್ಲುತ್ತವೆ. ಎಲೆ ಬೆಳ್ಳಗಾಗುವುದು ಇದರಿಂದಲೇ ಹೊರತು ಬಿಸಿಯಿಂದಲ್ಲ. 1910ರಲ್ಲಿ ಇಂತಹ ಚಿತ್ರಗಳನ್ನು ಪ್ರಕಟಿಸಿದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅವರ ಹೆಸರಿನಿಂದ ಇದನ್ನು ವುಡ್ ಪರಿಣಾಮ ಎನ್ನುತ್ತಾರೆ. ಆದ್ದರಿಂದ ಎಲೆ ತೀರ ಬಿಳಿಯಾಯಿತು ಎಂದಷ್ಟೇ ಹೇಳಿದರೆ ತೆಗೆದವರಿಗೆ ಉಪಯೋಗವಿಲ್ಲ. ಆ ಬಿಳುಪಿನೊಳಗೆ ಎಲೆಯ ಗೆರೆಗಳು ಉಳಿದಿವೆಯೇ ಎಂದು ಕೇಳಬೇಕು. ನಡುಹಗಲಿನ ಬಿಸಿಲಿನಲ್ಲಿ ತೆಗೆದದ್ದೇಕೆ ಎಂಬ ಆಕ್ಷೇಪಕ್ಕೂ ಇಲ್ಲಿ ಅರ್ಥವಿಲ್ಲ, ಏಕೆಂದರೆ ಈ ಚಿತ್ರಗಳಿಗೆ ಆ ಬಿಸಿಲೇ ಒಳ್ಳೆಯದು.

ಎದುರು ಕುಳಿತು ಮಾತನಾಡುವ ವಿಧಾನವೇ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಅದಕ್ಕೂ ತೊಡಕುಗಳಿವೆ: ಒಂದು ಗಂಟೆಯಲ್ಲಿ ಮೂರು ಚಿತ್ರಗಳನ್ನು ನೋಡಿದರೆ ಹೆಚ್ಚು, ಸಂಕೋಚದ ಸ್ವಭಾವದವರು ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಅದಕ್ಕಾಗಿ ನಾನು ಬಾಯಿ ತೆರೆಯುವ ಮೊದಲು ಅವರಿಂದಲೇ ಹೇಳಿಸುತ್ತೇನೆ. ಒಬ್ಬ ಹುಡುಗ ತನ್ನ ತಾಯಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿರುವ ಚಿತ್ರವನ್ನು ಮೊಬೈಲಿಗೆ ಕಳುಹಿಸಿದಾಗ, ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ನಡುವಿನ ಅಂತರ) ಇನ್ನಷ್ಟು ಹೆಚ್ಚಿಸಬಹುದು ಎಂದು ಬರೆದಿದ್ದೆ. ಅವನು ಅದೇ ಚಿತ್ರವನ್ನು ಮ್ಯಾಟ್ ಕಾಗದದಲ್ಲಿ ಪ್ರಿಂಟ್ ಮಾಡಿಸಿಕೊಂಡು ಬಂದ ದಿನ ಇಬ್ಬರೂ ಕಿಟಕಿಯ ಬಳಿ ನಿಂತು ನೋಡಿದೆವು. ಪರದೆಯಲ್ಲಿ ಕಾಣುತ್ತಿದ್ದ ನಾಗಂದಿಗೆಯ ಮೇಲಿನ ಪಾತ್ರೆಗಳು ಕಾಗದದಲ್ಲಿ ಪೂರ್ತಿ ಕಪ್ಪಿನಲ್ಲಿ ಮುಳುಗಿದ್ದವು. ಈ ಚಿತ್ರದಲ್ಲಿ ಏನು ಕಾಣಲೇಬೇಕು ಎಂದು ಕೇಳಿದೆ. "ಅಮ್ಮನ ಕೈ ಸರ್, ಆಮೇಲೆ ಆ ಪಾತ್ರೆಗಳು. ಅವು ನಮ್ಮಜ್ಜಿಯವು" ಎಂದ. ಆ ಒಂದು ಉತ್ತರದಿಂದ ನನ್ನ ಹಳೆಯ ಸಲಹೆ ತಲೆಕೆಳಗಾಯಿತು. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ಜೋನ್ ಪದ್ಧತಿಯಲ್ಲಿ ಪೂರ್ತಿ ಕಪ್ಪಿನಿಂದ ಪೂರ್ತಿ ಬಿಳುಪಿನವರೆಗೆ ಸೊನ್ನೆಯಿಂದ ಹತ್ತರವರೆಗಿನ ಹನ್ನೊಂದು ಮೆಟ್ಟಿಲುಗಳಿದ್ದು, ನೆರಳಿನಲ್ಲಿಯೂ ವಿವರ ಕಾಣಬೇಕಾದರೆ ಅದನ್ನು ಮೂರನೆಯದರಲ್ಲಿ ಇಡಬೇಕು ಎಂಬುದನ್ನು ವಿವರಿಸಿದೆ. ಎಷ್ಟು ತಿಳಿಗೊಳಿಸಬೇಕೆಂಬುದನ್ನು ಅವನೇ ತೀರ್ಮಾನಿಸಿದ.

ಈಗ ನಾನು ಕಪ್ಪು-ಬಿಳುಪು ಚಿತ್ರವಾದರೆ ಪ್ರಿಂಟ್ ತರಲು ಹೇಳುತ್ತೇನೆ. ಇನ್‌ಫ್ರಾರೆಡ್ ಆದರೆ ಮೊದಲು ಮೂಲ ಫೈಲ್, ಪ್ರಿಂಟ್ ಆಮೇಲೆ. ಏಕೆಂದರೆ ಹಾಟ್‌ಸ್ಪಾಟ್, ಫೋಕಸ್ ತಪ್ಪುವುದು, ದೀರ್ಘ ಎಕ್ಸ್‌ಪೋಷರಿನಲ್ಲಿ (ಬೆಳಕು ಬಹಳ ಹೊತ್ತು ಒಳಗೆ ಬೀಳುವಾಗ) ಎಲೆ ಅಲುಗುವುದು ಮುಂತಾದ ಅದರ ದೋಷಗಳಲ್ಲಿ ಹೆಚ್ಚಿನವು ತೆಗೆಯುವಾಗಲೇ ಆಗುವಂಥವು. ಮೇಲುಕೋಟೆಯ ಚಿತ್ರದ ವಿಷಯದಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು, ಕಿಂಡಿ ಹೆಚ್ಚು ತೆರೆದಿರುವ ಎಫ್/5.6ರಲ್ಲಿ ಮತ್ತೊಮ್ಮೆ ತೆಗೆಯುವಂತೆ ಕೋರಿದ್ದೆ. ಅವರು ಹೋಗಿ ತೆಗೆದು ತಂದರು. ಎಂಟು ಪಟ್ಟು ಬೆಳಕು ಒಳಗೆ ಬಂದುದರಿಂದ 30 ಸೆಕೆಂಡಿನ ಎಕ್ಸ್‌ಪೋಷರ್ 4 ಸೆಕೆಂಡಿಗೆ ಇಳಿದಿತ್ತು. ನೀರಿನ ಮೇಲಿನ ಬಿಳುಪು ಕಣ್ಣಿಗೆ ಬೀಳದಷ್ಟು ತಗ್ಗಿತ್ತು, ಗಾಳಿಗೆ ಕಲಸಿಹೋಗಿದ್ದ ಎಲೆಗಳೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ನಿಮ್ಮ ಕಣ್ಣು ಈಗ ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ಅವರು ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲೆ ಬೆರಳಿಟ್ಟರು.