ಮಂಡಿಯಲ್ಲಿ ಲೋಹವಿದ್ದವರ ವಿಮಾನ ತಪಾಸಣೆ: ಚೌಕಟ್ಟು, ಸ್ಕ್ಯಾನರ್, ಗಾಲಿಕುರ್ಚಿ

ನನ್ನ ಅಮ್ಮನ ಎರಡೂ ಮಂಡಿಗಳಿಗೆ ಕೃತಕ ಕೀಲು ಹಾಕಿಸಿ ಕೆಲವು ವರ್ಷಗಳಾದವು. ರಾತ್ರಿಯ ನೋವು ನಿಂತಿತು, ದೇವಸ್ಥಾನದ ಮೆಟ್ಟಿಲು ಹತ್ತುವ ಧೈರ್ಯ ಬಂತು. ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಮಾತ್ರ ಆ ಮಂಡಿಗಳೇ ಅವರಿಗೆ ಹೊರೆ. ತಂಗಿ ಅಮೆರಿಕದಲ್ಲಿದ್ದಾಳೆ. ಅಮ್ಮನನ್ನು ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಮಾರ್ಗವಾಗಿ ಅಲ್ಲಿಗೆ ಕರೆದೊಯ್ಯುವುದು, ದೇಶದೊಳಗೆ ದೆಹಲಿ, ವಾರಾಣಸಿ ಎಂದು ಜೊತೆಗೆ ಹೋಗುವುದು ನನ್ನ ಪಾಲಿನ ಕೆಲಸ. ಹೀಗೆ ಓಡಾಡುತ್ತ ತಪಾಸಣೆಯ ಮೂರು ದಾರಿಗಳನ್ನೂ ನೋಡಿದ್ದೇವೆ: ಲೋಹಶೋಧಕ ಚೌಕಟ್ಟು, ಬಾಡಿ ಸ್ಕ್ಯಾನರ್, ಗಾಲಿಕುರ್ಚಿಯ ಸಾಲು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಯ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿದ ಮೇಲೆ ಈ ಶಸ್ತ್ರಚಿಕಿತ್ಸೆ ಎಷ್ಟೋ ಸಾಧಾರಣ ಮನೆಗಳಿಗೂ ಎಟುಕುವಂತಾಗಿದೆ. ಹಾಗಾಗಿ ಈ ತೊಡಕು ನಮ್ಮ ಮನೆಯದಷ್ಟೇ ಆಗಿರಲಾರದು.

ನಮ್ಮ ದೇಶದ ನಿಲ್ದಾಣಗಳಲ್ಲಿ ಹೆಚ್ಚಾಗಿ ಎದುರಾಗುವುದು ಚೌಕಟ್ಟು. ಅದರೊಳಗೆ ವಿದ್ಯುತ್‌ಕಾಂತೀಯ ಕ್ಷೇತ್ರವಿರುತ್ತದೆ. ಲೋಹ ಹಾದುಹೋದರೆ ಆ ಕ್ಷೇತ್ರ ಕದಡುತ್ತದೆ, ಯಂತ್ರ ಕೂಗುತ್ತದೆ. ಲೋಹ ಚರ್ಮದ ಹೊರಗಿದೆಯೋ ಒಳಗಿದೆಯೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಅಮ್ಮನ ಮಂಡಿಯಲ್ಲಿರುವುದು ಕೋಬಾಲ್ಟ್ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹ. ಬಳೆ, ಕಾಲುಂಗುರ, ಸೆರಗಿನ ಪಿನ್ನು ಎಲ್ಲವನ್ನೂ ತೆಗೆದಿಟ್ಟು ಬಂದರೂ ಕೂಗು ತಪ್ಪದು. ಆದರೂ ನಮ್ಮ ಪದ್ಧತಿಯಲ್ಲಿ ಒಂದು ಒಳ್ಳೆಯ ಅಂಶವಿದೆ. ಚೌಕಟ್ಟು ಕೂಗಲಿ, ಬಿಡಲಿ, ಇಲ್ಲಿ ಎಲ್ಲರನ್ನೂ ಕೈಯಲ್ಲಿ ಹಿಡಿಯುವ ಡಿಟೆಕ್ಟರ್‌ನಿಂದ ಇನ್ನೊಮ್ಮೆ ನೋಡುತ್ತಾರೆ. ಹೆಂಗಸರಿಗೆ ಪರದೆಯ ಕೋಣೆಯಿದೆ, ನೋಡುವವರೂ ಹೆಂಗಸರೇ. ಹಾಗಾಗಿ ನೂರು ಜನರ ನಡುವೆ ಅಮ್ಮನೊಬ್ಬರನ್ನೇ ಪಕ್ಕಕ್ಕೆ ಕರೆದಂತೆ ಕಾಣುವುದಿಲ್ಲ.

ತೊಡಕು ಶುರುವಾಗುವುದು ಆ ಪರದೆಯ ಒಳಗೆ. ಡಿಟೆಕ್ಟರ್ ಮಂಡಿಯ ಬಳಿ ಬಂದೊಡನೆ ಗುಂಯ್ ಎನ್ನುತ್ತದೆ. ‘ಆಪರೇಷನ್ ಆಗಿದೆ’ ಎಂದು ಅಮ್ಮ ಕನ್ನಡದಲ್ಲಿ ಹೇಳುತ್ತಾರೆ. ‘ಮಾತಾಜಿ, ಕ್ಯಾ ಹೈ?’ ಎಂದು ತಪಾಸಣೆಯ ಸಿಬ್ಬಂದಿ ಹಿಂದಿಯಲ್ಲಿ ಕೇಳುತ್ತಾರೆ. ಹಲವು ಕಡೆ ಸೀರೆಯ ಮೇಲಿನಿಂದಲೇ ಎರಡೂ ಮಂಡಿಗಳನ್ನು ಕೈಯಿಂದ ಒತ್ತಿ ನೋಡಿ, ನಗುತ್ತಲೇ ಕಳಿಸಿಕೊಟ್ಟಿದ್ದಾರೆ. ಒಂದು ನಿಲ್ದಾಣದಲ್ಲಿ ಮಾತ್ರ ಹೊಲಿಗೆಯ ಗುರುತು ತೋರಿಸಬೇಕು ಎಂದರು. ಪರದೆ ಅರ್ಧ ಸರಿದಿತ್ತು, ಹೊರಗೆ ಗಂಡಸರ ಸಾಲು ಸಾಗುತ್ತಿತ್ತು. ಎಪ್ಪತ್ತು ದಾಟಿದ ಅಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ನೆರಿಗೆ ಎತ್ತಿಕೊಂಡು ನಿಂತಿದ್ದರು. ನಾನು ಎರಡು ಮಾರು ದೂರದಲ್ಲಿದ್ದೆ. ‘ಮೊದಲು ಪರದೆ ಎಳೆಯಿರಿ’ ಎಂದು ಜೋರಾಗಿಯೇ ಹೇಳಿದೆ. ಎಳೆದರು. ಅವರನ್ನು ಕೆಟ್ಟವರು ಎನ್ನಲಾರೆ. ಹೊರಗೆ ಸಾಲು ಬೆಳೆಯುತ್ತಿತ್ತು, ಅವಸರದಲ್ಲಿದ್ದರು. ಆದರೆ ಆ ಅವಸರದಲ್ಲಿ ಮುದುಕಿಯೊಬ್ಬರ ಮಾನ ಹೋಗಬಾರದು.

ಇದೊಂದು ಮನೆಯ ಸಂಕಟ ಮಾತ್ರವಲ್ಲ. ನೃತ್ಯ ಕಲಾವಿದೆ ಸುಧಾ ಚಂದ್ರನ್ 2021ರ ಅಕ್ಟೋಬರ್‌ನಲ್ಲಿ, ಪ್ರತಿ ಪ್ರಯಾಣದಲ್ಲೂ ತಪಾಸಣೆಗಾಗಿ ಕೃತಕ ಕಾಲನ್ನು ಬಿಚ್ಚಬೇಕಾಗಿದೆ ಎಂದು ವಿಡಿಯೊ ಮೂಲಕ ಪ್ರಧಾನಿಗೆ ಮನವಿ ಮಾಡಿದಾಗ ದೇಶವೇ ಗಮನಿಸಿತು. ನಿಲ್ದಾಣಗಳ ಭದ್ರತೆ ನೋಡಿಕೊಳ್ಳುವ ಕೇಂದ್ರ ಪಡೆ ಸಿಐಎಸ್‌ಎಫ್ ಕ್ಷಮೆ ಕೇಳಿತು. ಹೆಸರಾದವರ ದನಿ ಅಷ್ಟು ದೂರ ಮುಟ್ಟುತ್ತದೆ. ನಮ್ಮ ಅಮ್ಮಂದಿರ ದನಿ ಪರದೆಯಾಚೆಗೂ ಹೋಗುವುದಿಲ್ಲ.

ಬಾಡಿ ಸ್ಕ್ಯಾನರ್‌ನ ರೀತಿಯೇ ಬೇರೆ. 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ಒಳಉಡುಪಿನಲ್ಲಿ ಸ್ಫೋಟಕ ಅಡಗಿಸಿಕೊಂಡು ಬಂದಿದ್ದ. ಅದರಲ್ಲಿ ಲೋಹವಿರಲಿಲ್ಲ, ಚೌಕಟ್ಟಿಗೆ ಅದು ಸಿಗುವಂತಿರಲಿಲ್ಲ. ಆ ಘಟನೆಯ ನಂತರ ಅಮೆರಿಕದಲ್ಲಿ ಈ ಸ್ಕ್ಯಾನರ್‌ಗಳು ವೇಗವಾಗಿ ಹರಡಿದವು. ಮೊದಮೊದಲು ಎಕ್ಸ್‌ರೇ ಬಳಸುವ, ಬಟ್ಟೆಯೊಳಗಿನ ಮೈಯ ಆಕಾರವನ್ನೇ ತೋರಿಸುವ ಬಗೆಯೂ ಇತ್ತು. ಜನರ ವಿರೋಧ ಹೆಚ್ಚಿ 2013ರಲ್ಲಿ ಅವುಗಳನ್ನು ಅಲ್ಲಿನ ನಿಲ್ದಾಣಗಳಿಂದ ತೆಗೆದರು. ಈಗಿನವು ಮಿಲಿಮೀಟರ್ ತರಂಗದವು. ಆ ತರಂಗ ಬಟ್ಟೆಯನ್ನು ದಾಟಿ ಚರ್ಮಕ್ಕೆ ತಾಗಿ ಹಿಂದಿರುಗುತ್ತದೆ, ದೇಹದ ಒಳಕ್ಕೆ ಇಳಿಯುವುದಿಲ್ಲ. ಅಂದರೆ ಅಮ್ಮನ ಮಂಡಿಯೊಳಗಿನ ಲೋಹ ಅದಕ್ಕೆ ಕಾಣಿಸುವುದೇ ಇಲ್ಲ!

ಇದು ತಿಳಿದಾಗ ನಮ್ಮ ಪಾಡು ಬಗೆಹರಿಯಿತು ಎನಿಸಿತ್ತು. ಮಂಡಿಯ ಮಟ್ಟಿಗೆ ಅದು ನಿಜವೂ ಆಯಿತು. ಆದರೆ ಈ ಯಂತ್ರದ ಗಮನವೆಲ್ಲ ಮೈಮೇಲೆ ಇರುವುದರ ಕಡೆಗೆ. ಅಮ್ಮ ಉಟ್ಟಿದ್ದು ಸೀರೆ. ಯಂತ್ರದ ಪರದೆಯ ಮೇಲೆ ಮೂಡಿದ ಬರಿಯ ಗೊಂಬೆಯಾಕಾರದಲ್ಲಿ ಮೂರು ಕಡೆ ಹಳದಿ ಚೌಕ: ಸೊಂಟದಲ್ಲಿ ನೆರಿಗೆ ಸಿಕ್ಕಿಸಿದ ಜಾಗ, ಎಡ ಭುಜದ ಸೆರಗಿನ ಮಡಿಕೆ, ತಲೆಯ ತುರುಬು. ಸಿಬ್ಬಂದಿ ಕೈಗವಸು ತೊಟ್ಟು, ಏನು ಮಾಡಲಿದ್ದೇವೆ ಎಂದು ಮೊದಲೇ ಹೇಳಿ, ಆ ಮೂರು ಜಾಗವನ್ನಷ್ಟೇ ಮುಟ್ಟಿ ನೋಡಿದರು. ತುರುಬನ್ನು ಬೆರಳಿನಿಂದ ಒತ್ತಿದಾಗ ಅಮ್ಮ ಮುಖ ಸಿಂಡರಿಸಿದರು. ಅಪರಿಚಿತರು ತಲೆ ಮುಟ್ಟುವುದು ಅವರಿಗೆ ಒಗ್ಗದು. ಮುಂದಿನ ಪ್ರಯಾಣದಲ್ಲಿ ಚೂಡಿದಾರ ತೊಟ್ಟು, ಸಡಿಲ ಜಡೆ ಹಾಕಿಕೊಂಡರು. ಒಂದು ಚೌಕವೂ ಮೂಡದೆ ದಾಟಿದರು. ಅನುಕೂಲ ಹೌದು, ಒಪ್ಪುತ್ತೇನೆ. ಆದರೆ ಜೀವಮಾನವಿಡೀ ಸೀರೆ ಉಟ್ಟವರು ಯಂತ್ರಕ್ಕಾಗಿ ಉಡುಗೆ ಬದಲಿಸಬೇಕಾಗಿ ಬಂದದ್ದು ನನಗೆ ಇಂದಿಗೂ ಸಮ್ಮತವಲ್ಲ. ಕೋಟ್ಯಂತರ ಹೆಂಗಸರು ಉಡುವ ಬಟ್ಟೆಯನ್ನು ಗುರುತಿಸಲು ಯಂತ್ರಕ್ಕೇ ಕಲಿಸಬೇಕು.

ಇನ್ನೊಂದು ಮಿತಿ ಇದೆ. ಸ್ಕ್ಯಾನರ್‌ನೊಳಗೆ ಪಾದದ ಗುರುತಿನ ಮೇಲೆ ನಿಂತು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಯಾವ ಆಸರೆಯೂ ಇಲ್ಲದೆ ಐದಾರು ಸೆಕೆಂಡ್ ಅಲುಗಾಡದೆ ಇರಬೇಕು. ಒಂದು ಚಳಿಗಾಲದಲ್ಲಿ ಅಮ್ಮನ ಎಡ ಭುಜ ಹಿಡಿದುಕೊಂಡಿತ್ತು, ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಆಗ ಸ್ಕ್ಯಾನರ್ ಇದ್ದೂ ಇಲ್ಲದಂತೆಯೇ. ಇಡೀ ಮೈಯನ್ನು ಕೈಯಿಂದ ತಡವಿ ನೋಡುವ ತಪಾಸಣೆಯೇ ಗತಿಯಾಯಿತು. ಅದಕ್ಕೆ ಪ್ರತ್ಯೇಕ ಕೋಣೆ ಕೇಳಬಹುದು, ಜೊತೆಗಿದ್ದವರೂ ಒಳಗೆ ಬರಬಹುದು ಎಂಬುದು ಅಮೆರಿಕದ ನಿಯಮ. ಕೇಳಿದೆವು, ಕೊಟ್ಟರು. ಪ್ರಯಾಣಕ್ಕೆ 72 ಗಂಟೆ ಮೊದಲು ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ನಡೆಸುವ ಟಿಎಸ್‌ಎ ಕೇರ್ಸ್ ಎಂಬ ಸಹಾಯವಾಣಿಗೆ ತಿಳಿಸಿಟ್ಟರೆ ನೆರವಿಗೆ ಏರ್ಪಾಡು ಮಾಡುತ್ತಾರೆ. ತಂಗಿ ಫೋನ್ ಮಾಡಿ ಈ ಏರ್ಪಾಡು ಮಾಡಿಸಿದ್ದ ಪ್ರಯಾಣವೇ ಎಲ್ಲಕ್ಕಿಂತ ಸಲೀಸಾಗಿ ಮುಗಿದದ್ದು.

ಇನ್ನು ಗಾಲಿಕುರ್ಚಿ. ‘ವೀಲ್‌ಚೇರ್ ಹಾಕಿಸಿಬಿಡಿ, ಚೆಕ್ಕಿಂಗ್ ಇರುವುದಿಲ್ಲ’ ಎಂದು ನೆಂಟರಿಷ್ಟರೆಲ್ಲ ಸಲಹೆ ಕೊಡುತ್ತಾರೆ. ಅದು ಸುಳ್ಳು. ತಪಾಸಣೆ ಇದ್ದೇ ಇರುತ್ತದೆ. ಕುಳಿತಲ್ಲೇ ಡಿಟೆಕ್ಟರ್ ಆಡಿಸುತ್ತಾರೆ, ಮಂಡಿ ಕೂಗುತ್ತದೆ, ‘ಸ್ವಲ್ಪ ಎದ್ದು ನಿಲ್ಲುತ್ತೀರಾ?’ ಎನ್ನುತ್ತಾರೆ. ಅಮೆರಿಕದಲ್ಲಿ ಇದರ ಜೊತೆಗೆ ಅಂಗೈಗೂ ಕುರ್ಚಿಯ ಹಿಡಿಗೂ ಬಟ್ಟೆಯ ತುಣುಕು ಒರೆಸಿ ಸ್ಫೋಟಕದ ಕಣಗಳಿವೆಯೇ ಎಂದು ಪರೀಕ್ಷಿಸಿದರು. ಉದ್ದನೆಯ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ, ಅರ್ಧ ಮೈಲಿ ದೂರದ ಗೇಟಿಗೆ ನಡೆಯುವುದು ತಪ್ಪುತ್ತದೆ. ಲಾಭ ಅಷ್ಟೇ, ಆದರೆ ಅದು ಸಣ್ಣ ಲಾಭವಲ್ಲ.

ಇಲ್ಲಿನ ನಿಜವಾದ ತಲೆನೋವು ಬೇರೆ. ಕುರ್ಚಿ ತಳ್ಳುವವರು ಅಮ್ಮನನ್ನು ಒಂದು ಕಡೆಗೆ ಕರೆದೊಯ್ಯುತ್ತಾರೆ, ಕೈಚೀಲ ಎಕ್ಸ್‌ರೇ ಬೆಲ್ಟಿನ ಮೇಲೆ ಇನ್ನೊಂದು ಕಡೆಗೆ ಹೋಗುತ್ತದೆ, ನನ್ನನ್ನು ಗಂಡಸರ ಸಾಲಿಗೆ ಕಳಿಸುತ್ತಾರೆ. ಚೀಲದಲ್ಲಿ ಇನ್ಸುಲಿನ್ ಪೆನ್ನು, ಕಳಚಿಟ್ಟ ಬಳೆ, ಪಾಸ್‌ಪೋರ್ಟ್ ಎಲ್ಲವೂ ಇರುತ್ತವೆ. ಚೀಲ ಯಾರ ಕಣ್ಣಳತೆಯಲ್ಲಿದೆ ಎಂದು ಹೇಳುವವರಿಲ್ಲ. ಹಾಗಾಗಿ ಈಗ ಅಮ್ಮ ಪಾಸ್‌ಪೋರ್ಟ್ ಮತ್ತು ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಹಿಡಿದಿರುತ್ತಾರೆ, ಬಳೆಗಳು ಮನೆಯಲ್ಲೇ ಉಳಿಯುತ್ತವೆ, ಇನ್ಸುಲಿನ್ ಮತ್ತು ವೈದ್ಯರ ಚೀಟಿ ನನ್ನ ಚೀಲದಲ್ಲಿರುತ್ತವೆ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿಯ ಬಗೆಯನ್ನೂ ಸರಿಯಾಗಿ ನಮೂದಿಸಬೇಕು: ದೂರ ನಡೆಯಲಾಗದವರಿಗೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲೂ ಹತ್ತಲಾಗದವರಿಗೆ ಡಬ್ಲ್ಯುಸಿಎಚ್‌ಎಸ್, ಆಸನದವರೆಗೂ ನೆರವು ಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ.

ಮೂರರಲ್ಲಿ ನನ್ನ ಆಯ್ಕೆ ಯಾವುದು? ಕೈ ಎತ್ತಲು ಸಾಧ್ಯವಿದ್ದು, ಸ್ಕ್ಯಾನರ್ ಇರುವ ನಿಲ್ದಾಣವಾದರೆ ಕಣ್ಣು ಮುಚ್ಚಿ ಸ್ಕ್ಯಾನರ್. ಚೌಕಟ್ಟಿನ ಕಡೆಗೆ ಕೈ ತೋರಿಸಿದರೂ, ಮಂಡಿಯಲ್ಲಿ ಲೋಹವಿದೆ, ಸ್ಕ್ಯಾನರ್‌ಗೆ ಬಿಡಿ ಎಂದು ಕೇಳಿಯೇ ಕೇಳುತ್ತೇನೆ. ಸ್ಕ್ಯಾನರ್ ಇಲ್ಲದ ಕಡೆ, ಪರದೆ ಪೂರ್ತಿ ಮುಚ್ಚುವ ಕೋಣೆಯಿದ್ದರೆ ಚೌಕಟ್ಟಿನ ಬಗ್ಗೆಯೂ ನನ್ನ ತಕರಾರಿಲ್ಲ. ಡಿಟೆಕ್ಟರ್ ಕೂಗುವ ಮೊದಲೇ ಅಮ್ಮ ಎರಡೂ ಮಂಡಿಗಳನ್ನು ಮುಟ್ಟಿ ತೋರಿಸುತ್ತಾರೆ; ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಚೀಟಿ ಅವರ ಕೈಯಲ್ಲಿರುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಪತ್ರ ತೋರಿಸಿದರೆ ತಪಾಸಣೆಯೇನೂ ತಪ್ಪುವುದಿಲ್ಲ, ಆದರೆ ಮಾತಿನ ಧಾಟಿ ಬದಲಾಗುತ್ತದೆ. ಗಾಲಿಕುರ್ಚಿಯನ್ನು ದೊಡ್ಡ ನಿಲ್ದಾಣಗಳಲ್ಲಿ ನಡಿಗೆ ಉಳಿಸಲು ಮಾತ್ರ ಬಳಸುತ್ತೇವೆ.

ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಹೋಲಿಕೆಯನ್ನು ಹಾಗೆಯೇ ಅನುಸರಿಸಬಾರದು. ಕೈಯ ಡಿಟೆಕ್ಟರನ್ನು ಅದರ ಮೇಲೆ ಹಿಡಿದು ನಿಲ್ಲಿಸಬಾರದು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಅಂಥವರು ಪೇಸ್‌ಮೇಕರ್‌ನ ಗುರುತಿನ ಚೀಟಿಯನ್ನು ಮೊದಲೇ ತೋರಿಸಿ, ಕೈಯಿಂದ ನೋಡುವ ತಪಾಸಣೆಯನ್ನೇ ಕೇಳಿ ಪಡೆಯಬೇಕು.